ಸಂಸತ್ತಿನಲ್ಲಿ ಕನ್ನಡ ನಾಡಿನ ಪ್ರಾತಿನಿಧ್ಯ

ಪ್ರಜಾಪ್ರಭುತ್ವವು ಒಂದು ಬಗೆಯಲ್ಲಿ ಲೆಕ್ಕದ ವ್ಯವಸ್ಥೆ. ಎಷ್ಟು ಜನರಿಗೆ ಒಬ್ಬ ಪ್ರತಿನಿಧಿ, ಯಾವ ಪ್ರದೇಶಕ್ಕೆ ಎಷ್ಟು ಸ್ಥಾನ, ಯಾರ ಹೆಸರು ಯಾವ ಪಟ್ಟಿಯಲ್ಲಿ ಎಂಬ ಮೂರು ಪ್ರಶ್ನೆಗಳಿಗೆ ದೊರೆಯುವ ಉತ್ತರವೇ ಅದರ ಬುನಾದಿ. ಲೋಕಸಭೆಗೆ ಕರ್ನಾಟಕವು 1977ರಿಂದ 2024ರವರೆಗಿನ ಪ್ರತಿಯೊಂದು ಮಹಾಚುನಾವಣೆಯಲ್ಲಿಯೂ 28 ಸದಸ್ಯರನ್ನು ಕಳುಹಿಸಿದೆ. ಮುಂಬಯಿ ಮಹಾನಗರವು ಅದೇ ಅವಧಿಯಲ್ಲಿ 6 ಮಂದಿಯನ್ನು ಆರಿಸಿದೆ. ಹುಟ್ಟೂರು ಕರ್ನಾಟಕದಲ್ಲಿದ್ದು ಬಾಳು ಮುಂಬಯಿಯಲ್ಲಿರುವ ಕನ್ನಡಿಗನು ಈ ಎರಡು ಸಂಖ್ಯೆಗಳಲ್ಲಿ ಯಾವುದಕ್ಕೆ ಸೇರಿದವನು? ಈ ಪ್ರಶ್ನೆಗೆ ಉತ್ತರ ಕಂಡುಕೊಳ್ಳಬೇಕಾದರೆ ಕನ್ನಡ ನಾಡಿನ ಸಂಸದೀಯ ಪ್ರಾತಿನಿಧ್ಯವು ನಡೆದು ಬಂದ ದಾರಿಯನ್ನು ಒಮ್ಮೆ ಅವಲೋಕಿಸುವುದು ಅಗತ್ಯ.

ಏಕೀಕರಣಕ್ಕೆ ಮೊದಲು

ಬ್ರಿಟಿಷರ ಆಳ್ವಿಕೆಯಲ್ಲಿ ದೆಹಲಿಯ ಕೇಂದ್ರ ಶಾಸನಸಭೆಯು ಬ್ರಿಟಿಷ್ ಇಂಡಿಯಾಕ್ಕೆ ಮಾತ್ರ ಸೇರಿದುದಾಗಿದ್ದಿತು. ಮೈಸೂರು ದೇಶೀಯ ಸಂಸ್ಥಾನವಾದುದರಿಂದ ಅಲ್ಲಿನ ಪ್ರಜೆಗಳಿಗೆ ಆ ಸಭೆಯಲ್ಲಿ ಸ್ಥಾನವಿರಲಿಲ್ಲ. 1881ರಲ್ಲಿಯೇ ತನ್ನದೇ ಆದ ಪ್ರಜಾಪ್ರತಿನಿಧಿ ಸಭೆಯನ್ನು ಕಂಡಿದ್ದ ಸಂಸ್ಥಾನಕ್ಕೆ ಅಖಿಲ ಭಾರತದ ಶಾಸನಸಭೆಯಲ್ಲಿ ದನಿಯಿಲ್ಲದೆ ಹೋದದ್ದು ಆ ಕಾಲದ ವಿಪರ್ಯಾಸ. ಇತ್ತ ಧಾರವಾಡ, ಬೆಳಗಾಂವಿ, ವಿಜಾಪುರ, ಕಾರವಾರಗಳ ಕನ್ನಡಿಗರು ಮುಂಬಯಿ ಪ್ರಾಂತದವರಾಗಿಯೂ ಮಂಗಳೂರು, ಬಳ್ಳಾರಿಗಳ ಕನ್ನಡಿಗರು ಮದರಾಸು ಪ್ರಾಂತದವರಾಗಿಯೂ ಹಂಚಿ ಹೋಗಿದ್ದರು. ಹೈದರಾಬಾದು ನಿಜಾಮರ ಅಧೀನದಲ್ಲಿದ್ದ ಕಲಬುರಗಿ, ಬೀದರ, ರಾಯಚೂರುಗಳ ಪಾಡು ಮೈಸೂರಿನಂತೆಯೇ ಇದ್ದಿತು.

1951-52ರ ಪ್ರಥಮ ಮಹಾಚುನಾವಣೆಯ ಹೊತ್ತಿಗೆ ದೇಶ ಸ್ವತಂತ್ರವಾಗಿದ್ದರೂ ನಾಡು ಒಂದಾಗಿರಲಿಲ್ಲ. ಆಗ ಮೈಸೂರು ರಾಜ್ಯಕ್ಕೆ ಲೋಕಸಭೆಯಲ್ಲಿ 11 ಸ್ಥಾನಗಳು, ಕೊಡಗಿಗೆ 1. ಮುಂಬಯಿ ರಾಜ್ಯದ 45 ಸ್ಥಾನಗಳಲ್ಲಿ 7 ಕನ್ನಡ ಜಿಲ್ಲೆಗಳವು: ಬೆಳಗಾಂವಿ, ವಿಜಾಪುರ, ಧಾರವಾಡಗಳಿಗೆ ಉತ್ತರ ಮತ್ತು ದಕ್ಷಿಣವೆಂದು ಎರಡೆರಡು, ಕೆನರಾ ಒಂದು. ಹೈದರಾಬಾದು ರಾಜ್ಯದ 25ರಲ್ಲಿ ಬೀದರ, ಕಲಬುರಗಿ, ಯಾದಗಿರಿ, ಕುಷ್ಟಗಿ ಈ 4; ಮದರಾಸಿನ 75ರಲ್ಲಿ ದಕ್ಷಿಣ ಕನ್ನಡದ 2 ಮತ್ತು ಬಳ್ಳಾರಿ, ಒಟ್ಟು 3. ಐದು ರಾಜ್ಯಗಳ ಖಾತೆಗಳಲ್ಲಿ ಹರಿದು ಹಂಚಿದ್ದ ಈ ಸ್ಥಾನಗಳನ್ನು ಕೂಡಿಸಿದರೆ ಬರುವ ಮೊತ್ತ 26.

ಹೀಗೆ ಆರಿಸಿ ಬಂದವರಲ್ಲಿ ಗಣ್ಯರು ಅನೇಕರು. ಚಿತ್ರದುರ್ಗದಿಂದ ಎಸ್. ನಿಜಲಿಂಗಪ್ಪ, ಕಲಬುರಗಿಯಿಂದ ಸ್ವಾಮಿ ರಮಾನಂದ ತೀರ್ಥ, ಕುಷ್ಟಗಿಯಿಂದ ಪಕ್ಷೇತರರಾಗಿ ಶಿವಮೂರ್ತಿಸ್ವಾಮಿ ಅಳವಂಡಿ ಚುನಾಯಿತರಾದರು. ಧಾರವಾಡ ಉತ್ತರದಿಂದ ಗೆದ್ದ ಡಿ. ಪಿ. ಕರಮರಕರ್ ಮುಂದೆ 1957ರಿಂದ 1962ರವರೆಗೆ ಕೇಂದ್ರದ ಆರೋಗ್ಯ ಖಾತೆಯನ್ನು ನಿರ್ವಹಿಸಿದರು. ದಕ್ಷಿಣ ಕನ್ನಡದ ಎರಡು ಸ್ಥಾನಗಳಿಂದ ಯು. ಶ್ರೀನಿವಾಸ ಮಲ್ಯ ಮತ್ತು ಪತ್ರಕರ್ತ ಬಿ. ಶಿವರಾವ್ ಬಂದರು. ಶಿವರಾವ್ ಅವರ ಸಹೋದರ ಬಿ. ಎನ್. ರಾವ್ ಸಂವಿಧಾನ ಸಭೆಯ ಸಲಹೆಗಾರರಾಗಿದ್ದವರು. ಮತ್ತೊಬ್ಬ ಸಹೋದರ ಬಿ. ರಾಮರಾವ್ ಆಗ ಮುಂಬಯಿಯಲ್ಲಿ ರಿಸರ್ವ್ ಬ್ಯಾಂಕಿನ ಗವರ್ನರ್ ಆಗಿದ್ದರು.

ಕೆನರಾ ಕ್ಷೇತ್ರದ ಆಯ್ಕೆಯು ಮುಂಬಯಿ ಕನ್ನಡಿಗರಿಗೆ ವಿಶೇಷ ಆಸಕ್ತಿಯದು. ಅಲ್ಲಿಂದ ಗೆದ್ದ ಜೋಕಿಂ ಆಳ್ವ ಉಡುಪಿಯಲ್ಲಿ ಜನಿಸಿ ಮುಂಬಯಿಯಲ್ಲಿ ವಕೀಲಿ, ಪತ್ರಿಕೋದ್ಯಮಗಳಲ್ಲಿ ಹೆಸರು ಗಳಿಸಿ, 1949ರಲ್ಲಿ ಈ ನಗರದ ಶೆರೀಫರೂ ಆಗಿದ್ದವರು. ಅವರ ಪತ್ನಿ ವಯಲೆಟ್ ಆಳ್ವ ಅದೇ ವರ್ಷ ರಾಜ್ಯಸಭೆಯನ್ನು ಪ್ರವೇಶಿಸಿದರು. ದಂಪತಿಗಳಿಬ್ಬರೂ ಒಂದೇ ಕಾಲದಲ್ಲಿ ಸಂಸತ್ತಿನ ಸದಸ್ಯರಾದ ಪ್ರಸಂಗ ದೇಶದಲ್ಲಿ ಅದೇ ಮೊದಲು. ವಯಲೆಟ್ ಆಳ್ವ 1962ರಲ್ಲಿ ರಾಜ್ಯಸಭೆಯ ಉಪಸಭಾಪತಿಗಳಾದರು. ಆ ಪೀಠವನ್ನೇರಿದ ಪ್ರಥಮ ಮಹಿಳೆ ಅವರೇ.

26ರಿಂದ 28ರವರೆಗೆ

1956ರ ನವೆಂಬರ್ 1ರಂದು ರಾಜ್ಯ ಪುನರ್ವಿಂಗಡಣೆಯಾಗಿ ವಿಶಾಲ ಮೈಸೂರು ಅಸ್ತಿತ್ವಕ್ಕೆ ಬಂದಿತು. 1957ರ ಚುನಾವಣೆಯಲ್ಲಿ ಹೊಸ ರಾಜ್ಯಕ್ಕೆ ದೊರೆತ ಸ್ಥಾನಗಳು 26. ಗಡಿಗಳು ಅಲ್ಲಲ್ಲಿ ಬದಲಾಗಿದ್ದರೂ ಮೊತ್ತವು ಹಳೆಯ ಕೂಡಿಕೆಗೆ ಸರಿಹೋಯಿತು. ಸ್ಥಾನಗಳ ಸಂಖ್ಯೆ ಹೆಚ್ಚಲಿಲ್ಲ. ಆದರೆ ಐದು ರಾಜ್ಯಗಳ ಅಂಚಿನಲ್ಲಿ ಅಲ್ಪಸಂಖ್ಯಾತರಾಗಿ ಕುಳಿತಿದ್ದವರು ಒಂದು ರಾಜ್ಯದ ಹೆಸರಿನಲ್ಲಿ ಒಟ್ಟಾಗಿ ಕುಳಿತರು. ಏಕೀಕರಣದಿಂದ ಸಂಸತ್ತಿನಲ್ಲಿ ಆದ ಲಾಭವನ್ನು ಹೀಗೆ ಸಂಗ್ರಹಿಸಬಹುದು.

ಆದರೆ ಎಲ್ಲರೂ ಒಟ್ಟಾಗಲಿಲ್ಲವೆಂಬುದೂ ಅಷ್ಟೇ ಸತ್ಯ. ದಕ್ಷಿಣ ಕನ್ನಡದ ಕಾಸರಗೋಡು ತಾಲ್ಲೂಕು ಕೇರಳಕ್ಕೆ ಸೇರಿತು. 1957ರಲ್ಲಿ ಕಾಸರಗೋಡು ಲೋಕಸಭಾ ಕ್ಷೇತ್ರದಿಂದ ಎ. ಕೆ. ಗೋಪಾಲನ್ ಆಯ್ಕೆಯಾದರು. ಮುಂದೆ 1980ರಲ್ಲಿ ಎಂ. ರಾಮಣ್ಣ ರೈ, 1984ರಲ್ಲಿ ಐ. ರಾಮ ರೈ, 1989 ಮತ್ತು 1991ರಲ್ಲಿ ಪುನಃ ರಾಮಣ್ಣ ರೈ ಅದೇ ಕ್ಷೇತ್ರದಿಂದ ಗೆದ್ದು, ಕೇರಳದ ಪಟ್ಟಿಯಲ್ಲಿದ್ದುಕೊಂಡೇ ಗಡಿನಾಡಿನ ಹೆಸರನ್ನು ದೆಹಲಿಗೆ ಕೊಂಡೊಯ್ದರು. ಸೊಲ್ಲಾಪುರ, ಅಕ್ಕಲಕೋಟೆಗಳ ಕನ್ನಡಿಗರು ಮುಂಬಯಿ ರಾಜ್ಯದಲ್ಲಿಯೇ ಉಳಿದು 1960ರಲ್ಲಿ ಮಹಾರಾಷ್ಟ್ರದ ಮತದಾರರಾದರು.

ಆರಂಭದ ಚುನಾವಣೆಗಳಲ್ಲಿ ಕೆಲವು ಕ್ಷೇತ್ರಗಳಿಗೆ ಇಬ್ಬರು ಸದಸ್ಯರಿರುತ್ತಿದ್ದರು. 1952ರಲ್ಲಿ ಮೈಸೂರು ಮತ್ತು ಕೋಲಾರ ಅಂತಹವು. ಮುಂಬಯಿ ನಗರ ಉತ್ತರವೂ ಅಂತಹುದೇ. ಅಲ್ಲಿ ಪ್ರತಿಯೊಬ್ಬ ಮತದಾರನಿಗೂ ಎರಡು ಮತ. ಎರಡು ಸ್ಥಾನಗಳಲ್ಲಿ ಒಂದು ಪರಿಶಿಷ್ಟರಿಗೆ ಮೀಸಲು. ಸಂವಿಧಾನ ಶಿಲ್ಪಿ ಡಾ. ಅಂಬೇಡ್ಕರರು ಆ ವರ್ಷ ಸೋತದ್ದು ಮುಂಬಯಿಯ ಆ ದ್ವಿಸದಸ್ಯ ಕ್ಷೇತ್ರದಲ್ಲಿ. 1961ರ ಶಾಸನದಿಂದ ಈ ಪದ್ಧತಿ ರದ್ದಾಗಿ ಒಂದು ಕ್ಷೇತ್ರಕ್ಕೆ ಒಬ್ಬನೇ ಸದಸ್ಯನೆಂಬ ನಿಯಮ ಸ್ಥಿರವಾಯಿತು.

1967ರಲ್ಲಿ ರಾಜ್ಯದ ಸ್ಥಾನಗಳು 27ಕ್ಕೇರಿದವು. 1973ರಲ್ಲಿ ರಾಜ್ಯಕ್ಕೆ ಕರ್ನಾಟಕವೆಂಬ ನಾಮಕರಣವಾಯಿತು. 1971ರ ಜನಗಣತಿಯ ಆಧಾರದ ಮೇಲೆ ನಡೆದ ಪುನರ್ವಿಂಗಡಣೆಯಿಂದ 1977ರಲ್ಲಿ ಸಂಖ್ಯೆ 28ಕ್ಕೆ ಬಂದು ಅಲ್ಲಿಯೇ ನಿಂತಿತು.

ಮತದಾರರ ಒಲವು ಮಾತ್ರ ನಿಲ್ಲಲಿಲ್ಲ. 1957ರಲ್ಲಿ 26ರ ಪೈಕಿ 23, 1962ರಲ್ಲಿ 25, 1971ರಲ್ಲಿ 27ಕ್ಕೆ 27 ಸ್ಥಾನಗಳನ್ನೂ ಕಾಂಗ್ರೆಸ್ ಪಡೆಯಿತು. ತುರ್ತುಪರಿಸ್ಥಿತಿಯ ಬಳಿಕ ಉತ್ತರ ಭಾರತದಲ್ಲಿ ಆ ಪಕ್ಷ ಕುಸಿದ 1977ರಲ್ಲಿಯೂ ಕರ್ನಾಟಕ ಅದಕ್ಕೆ 26 ಸ್ಥಾನಗಳನ್ನು ಕೊಟ್ಟಿತು. ಮರುವರ್ಷ ಇಂದಿರಾ ಗಾಂಧಿಯವರು ಉಪಚುನಾವಣೆಯ ಮೂಲಕ ಲೋಕಸಭೆಗೆ ಮರಳಿದ್ದು ಚಿಕ್ಕಮಗಳೂರಿನಿಂದ. 1996ರಲ್ಲಿ ಜನತಾದಳ 16 ಸ್ಥಾನ ಗಳಿಸಿ ಎಚ್. ಡಿ. ದೇವೇಗೌಡರು ಪ್ರಧಾನಮಂತ್ರಿಗಳಾದರು. 2004ರಲ್ಲಿ ಭಾರತೀಯ ಜನತಾ ಪಕ್ಷ 18 ಸ್ಥಾನಗಳೊಂದಿಗೆ ಮುಂದೆ ಬಂದು, 2019ರಲ್ಲಿ 25ಕ್ಕೇರಿತು. 2024ರಲ್ಲಿ ಭಾರತೀಯ ಜನತಾ ಪಕ್ಷಕ್ಕೆ 17, ಕಾಂಗ್ರೆಸ್ಸಿಗೆ 9, ಜಾತ್ಯತೀತ ಜನತಾದಳಕ್ಕೆ 2 ಸ್ಥಾನಗಳು ಲಭಿಸಿದವು.

ಸಂಖ್ಯೆಯಾಚೆಗಿನ ಪ್ರಾತಿನಿಧ್ಯ

ಪ್ರಾತಿನಿಧ್ಯದ ಬೆಲೆಯು ಕೇವಲ ತಲೆಗಳ ಎಣಿಕೆಯಿಂದ ತಿಳಿಯುವುದಿಲ್ಲ. 1952ರಿಂದ ಮೂರು ಚುನಾವಣೆಗಳಲ್ಲಿ ಗೆದ್ದ ಶ್ರೀನಿವಾಸ ಮಲ್ಯರ ಹೆಸರನ್ನು ಕರಾವಳಿಯ ಜನ ನವಮಂಗಳೂರು ಬಂದರು, ಸುರತ್ಕಲ್ಲಿನ ಎಂಜಿನಿಯರಿಂಗ್ ಕಾಲೇಜುಗಳೊಡನೆ ಸೇರಿಸಿ ಇಂದಿಗೂ ಸ್ಮರಿಸುತ್ತಾರೆ. ಅವರ ಬಳಿಕ ಉಡುಪಿಯನ್ನು ಪ್ರತಿನಿಧಿಸಿದವರಲ್ಲಿ ಬ್ಯಾಂಕಿಂಗ್ ಕ್ಷೇತ್ರದಿಂದ ಬಂದ ಟಿ. ಎ. ಪೈ ಒಬ್ಬರು. ಸಿಂಡಿಕೇಟ್ ಬ್ಯಾಂಕನ್ನು ಬೆಳೆಸಿ, ಜೀವ ವಿಮಾ ನಿಗಮದ ಅಧ್ಯಕ್ಷರಾಗಿ, ಕೇಂದ್ರ ಸಚಿವರಾಗಿ ದುಡಿದ ಅವರು 1977ರಲ್ಲಿ ಅಲ್ಲಿಂದ ಆಯ್ಕೆಯಾದರು. ಧಾರವಾಡ ಉತ್ತರದಿಂದ 1962ರಲ್ಲಿ ಗೆದ್ದ ಸರೋಜಿನಿ ಮಹಿಷಿ ಕರ್ನಾಟಕದಿಂದ ಲೋಕಸಭೆಗೆ ಹೋದ ಪ್ರಥಮ ಮಹಿಳೆ. ಸರ್ವೋಚ್ಚ ನ್ಯಾಯಾಲಯದ ನ್ಯಾಯಾಧೀಶರಾಗಿದ್ದ, ಕಾರ್ಕಳ ಸೀಮೆಯ ಕೆ. ಎಸ್. ಹೆಗ್ಡೆ 1977ರಲ್ಲಿ ಬೆಂಗಳೂರು ದಕ್ಷಿಣದಿಂದ ಗೆದ್ದು ಅದೇ ವರ್ಷ ಲೋಕಸಭೆಯ ಅಧ್ಯಕ್ಷ ಪೀಠವನ್ನು ಅಲಂಕರಿಸಿದರು. ಆ ವೇಳೆಗೆ ರಾಜ್ಯಸಭೆಯ ಸಭಾಪತಿಗಳಾಗಿದ್ದವರು ಜಮಖಂಡಿಯ ಬಿ. ಡಿ. ಜತ್ತಿ. ಹೀಗೆ 1977ರಿಂದ 1979ರವರೆಗೆ ಸಂಸತ್ತಿನ ಎರಡೂ ಸದನಗಳ ಪೀಠದಲ್ಲಿ ಕನ್ನಡ ನಾಡಿನವರೇ ಇದ್ದರು.

ರಾಜ್ಯಸಭೆಯ ಪ್ರಾತಿನಿಧ್ಯದ ಬಗೆ ಬೇರೆ. ಅಲ್ಲಿ ಕರ್ನಾಟಕಕ್ಕಿರುವ 12 ಸ್ಥಾನಗಳಿಗೆ ವಿಧಾನಸಭೆಯ ಸದಸ್ಯರು ಆಯ್ಕೆ ಮಾಡುತ್ತಾರೆ. ಆಯಾ ರಾಜ್ಯದ ಮತದಾರನೇ ಅಭ್ಯರ್ಥಿಯಾಗಬೇಕೆಂಬ ನಿಬಂಧನೆಯನ್ನು 2003ರಲ್ಲಿ ತೆಗೆದುಹಾಕಲಾಯಿತು. ಸರ್ವೋಚ್ಚ ನ್ಯಾಯಾಲಯ 2006ರಲ್ಲಿ ಇದನ್ನು ಎತ್ತಿಹಿಡಿಯಿತು. ಅಂದಿನಿಂದ ಹೊರರಾಜ್ಯದವರು ಕರ್ನಾಟಕದ ಸ್ಥಾನಗಳಿಂದ ರಾಜ್ಯಸಭೆಗೆ ಹೋಗುವುದು ಸರಿಯೇ ಎಂಬ ಚರ್ಚೆ ನಾಡಿನಲ್ಲಿ ಆಗಾಗ ಏಳುತ್ತಲೇ ಬಂದಿದೆ.

1967ರ ಎರಡು ದನಿಗಳು

1967ರ ಲೋಕಸಭೆಯು ಕನ್ನಡಿಗರ ಪಾಲಿಗೆ ಸ್ಮರಣೀಯವಾದುದು. ಆ ವರ್ಷ ಸಂಯುಕ್ತ ಸಮಾಜವಾದಿ ಪಕ್ಷದಿಂದ ಇಬ್ಬರು ಯುವಕರು ಸದನಕ್ಕೆ ಬಂದರು. ಒಬ್ಬರು ಶಿವಮೊಗ್ಗದಿಂದ ಗೆದ್ದ ಜೆ. ಎಚ್. ಪಟೇಲ್. ಲೋಕಸಭೆಯಲ್ಲಿ ಕನ್ನಡದಲ್ಲಿ ಭಾಷಣ ಮಾಡಿದ ಮೊದಲ ಸದಸ್ಯರೆಂಬ ಕೀರ್ತಿ ಅವರದು. ಸಂವಿಧಾನದ 120ನೆಯ ವಿಧಿಯಂತೆ ಸಂಸತ್ತಿನ ವ್ಯವಹಾರ ಹಿಂದಿ ಅಥವಾ ಇಂಗ್ಲಿಷಿನಲ್ಲಿ. ಆ ಭಾಷೆಗಳಲ್ಲಿ ಸಮರ್ಪಕವಾಗಿ ಹೇಳಲಾರದ ಸದಸ್ಯನು ಅಧ್ಯಕ್ಷರ ಅನುಮತಿಯಿಂದ ಮಾತೃಭಾಷೆಯಲ್ಲಿ ಮಾತನಾಡಬಹುದು. ಹದಿನೇಳು ವರ್ಷ ಕಾಗದದಲ್ಲಿದ್ದ ಆ ಅವಕಾಶಕ್ಕೆ ಪಟೇಲರು ಕನ್ನಡದ ದನಿ ಕೊಟ್ಟರು. 2018ರಲ್ಲಿ ರಾಜ್ಯಸಭೆಯು ಎಂಟನೆಯ ಅನುಸೂಚಿಯ 22 ಭಾಷೆಗಳಿಗೂ ಭಾಷಾಂತರದ ಸೌಕರ್ಯ ಕಲ್ಪಿಸಿತು.

ಮತ್ತೊಬ್ಬರು ಜಾರ್ಜ್ ಫರ್ನಾಂಡಿಸ್. ಮಂಗಳೂರಿನಲ್ಲಿ ಹುಟ್ಟಿ, 1949ರಲ್ಲಿ ಕೆಲಸವನ್ನರಸಿ ಮುಂಬಯಿಗೆ ಬಂದ ಅವರು ಕಾರ್ಮಿಕ ಸಂಘಟನೆಯಲ್ಲಿ ಬೆಳೆದು, 1961ರಲ್ಲಿ ನಗರಪಾಲಿಕೆಯನ್ನು ಪ್ರವೇಶಿಸಿ, 1967ರಲ್ಲಿ ಮುಂಬಯಿ ದಕ್ಷಿಣ ಕ್ಷೇತ್ರದಲ್ಲಿ ಅಜೇಯರೆನಿಸಿದ್ದ ಎಸ್. ಕೆ. ಪಾಟೀಲರನ್ನು ಸೋಲಿಸಿದರು. ಕರ್ನಾಟಕದ 27 ಸ್ಥಾನಗಳ ಪಟ್ಟಿಯಲ್ಲಿ ಈ ವಿಜಯಕ್ಕೆ ಸ್ಥಳವಿಲ್ಲ. ಆದರೂ ಕನ್ನಡ ಕರಾವಳಿಯಿಂದ ಹೊಟ್ಟೆಪಾಡಿಗಾಗಿ ಬಂದವನೊಬ್ಬನು ದೇಶದ ವಾಣಿಜ್ಯ ರಾಜಧಾನಿಯ ಹೃದಯಭಾಗವನ್ನು ಪ್ರತಿನಿಧಿಸಿದ ಸಂಗತಿಯನ್ನು ಬಿಟ್ಟು ಕನ್ನಡಿಗರ ಸಂಸದೀಯ ಚರಿತ್ರೆ ಪೂರ್ಣವಾಗದು.

ಜಾರ್ಜ್ 1977ರಲ್ಲಿ ಸೆರೆಮನೆಯಲ್ಲಿದ್ದುಕೊಂಡೇ ಬಿಹಾರದ ಮುಜಫ್ಫರಪುರದಿಂದ ಗೆದ್ದರು. 1989ರಲ್ಲಿ ಪುನಃ ಅಲ್ಲಿಂದಲೇ ಬಂದು ರೈಲ್ವೆ ಸಚಿವರಾದಾಗ ಕೊಂಕಣ ರೈಲ್ವೆ ಯೋಜನೆಗೆ ಚಾಲನೆ ದೊರೆಯಿತು. ಆ ಸರಕಾರದಲ್ಲಿ ಹಣಕಾಸು ಸಚಿವರಾಗಿದ್ದವರು ಕೊಂಕಣದ ರಾಜಾಪುರದ ಪ್ರತಿನಿಧಿ ಮಧು ದಂಡವತೆ. 1990ರ ಜುಲೈಯಲ್ಲಿ ನಿಗಮದ ಸ್ಥಾಪನೆಯಾಯಿತು. ಬಂಡವಾಳದಲ್ಲಿ ಕೇಂದ್ರದ ಪಾಲು ಶೇಕಡಾ 51, ಮಹಾರಾಷ್ಟ್ರದ್ದು 22, ಕರ್ನಾಟಕದ್ದು 15, ಗೋವಾ ಮತ್ತು ಕೇರಳಗಳದ್ದು ತಲಾ 6. ರೋಹಾದಿಂದ ಮಂಗಳೂರಿನ ಬಳಿಯ ತೋಕೂರಿನವರೆಗಿನ 741 ಕಿಲೋಮೀಟರ್ ಮಾರ್ಗ 1998ರಲ್ಲಿ ದೇಶಕ್ಕೆ ಸಮರ್ಪಿತವಾಯಿತು. ಇಡೀ ರಾತ್ರಿ, ಇಡೀ ಹಗಲು ಬಸ್ಸಿನಲ್ಲಿ ಕುಳಿತು ಊರು ಸೇರುತ್ತಿದ್ದ ಸಂಸಾರಗಳಿಗೆ ಇದಕ್ಕಿಂತ ದೊಡ್ಡ ಉಪಕಾರ ಇನ್ನೊಂದಿರಲಿಲ್ಲ. ಈ ದಾರಿಯನ್ನು ತೆರೆಸಿದ ಸಚಿವರು ಒಬ್ಬರು ಬಿಹಾರದ, ಮತ್ತೊಬ್ಬರು ಮಹಾರಾಷ್ಟ್ರದ ಪ್ರತಿನಿಧಿಗಳೆಂಬುದು ಗಮನಾರ್ಹ.

2014 ಮತ್ತು 2019ರಲ್ಲಿ ತುಳುನಾಡಿನ ಮೂಲದ ಗೋಪಾಲ ಶೆಟ್ಟಿಯವರು ಮುಂಬಯಿ ಉತ್ತರ ಕ್ಷೇತ್ರದಿಂದ ಎರಡು ಬಾರಿಯೂ 4 ಲಕ್ಷಕ್ಕೂ ಮಿಕ್ಕಿದ ಅಂತರದಿಂದ ಆಯ್ಕೆಯಾದರು. ಬೋರಿವಲಿ, ದಹಿಸರ, ಕಾಂದಿವಲಿ, ಮಲಾಡ್ ಮುಂತಾದ ಉಪನಗರಗಳು ಈ ಕ್ಷೇತ್ರಕ್ಕೆ ಸೇರಿದವು.

ಸ್ಥಾನ ಹಂಚಿಕೆಯ ಲೆಕ್ಕ

ಇನ್ನು ಲೆಕ್ಕದ ವಿಷಯ. ಜನಸಂಖ್ಯೆ ಹೆಚ್ಚಿದಂತೆ ಸ್ಥಾನಗಳೂ ಮರುಹಂಚಿಕೆಯಾಗಬೇಕೆಂಬುದು ಸಂವಿಧಾನದ ಮೂಲ ಆಶಯ. ಆದರೆ ಕುಟುಂಬ ಯೋಜನೆಯನ್ನು ನಿಷ್ಠೆಯಿಂದ ಪಾಲಿಸಿದ ರಾಜ್ಯಗಳು ಅದರಿಂದಲೇ ಸ್ಥಾನ ಕಳೆದುಕೊಳ್ಳಬಾರದೆಂಬ ಕಾರಣಕ್ಕೆ 1976ರ 42ನೆಯ ತಿದ್ದುಪಡಿಯು ರಾಜ್ಯಗಳ ಪಾಲನ್ನು 1971ರ ಗಣತಿಗೆ ಕಟ್ಟಿಹಾಕಿತು. 84ನೆಯ ತಿದ್ದುಪಡಿಯು ಆ ತಡೆಯನ್ನು 2026ರ ಅನಂತರದ ಮೊದಲ ಗಣತಿಯವರೆಗೆ ಮುಂದೂಡಿತು.

1971ರಲ್ಲಿ ಕರ್ನಾಟಕದ ಜನಸಂಖ್ಯೆ 2.93 ಕೋಟಿ, 28ರಿಂದ ಭಾಗಿಸಿದರೆ ಒಬ್ಬ ಸದಸ್ಯನಿಗೆ ಸುಮಾರು 10.5 ಲಕ್ಷ ಜನ. 2011ರಲ್ಲಿ 6.11 ಕೋಟಿ, ಒಬ್ಬನಿಗೆ ಸುಮಾರು 21.8 ಲಕ್ಷ. ಅದೇ ಗಣತಿಯಂತೆ ಕೇರಳದಲ್ಲಿ ಒಬ್ಬ ಸದಸ್ಯನಿಗೆ 16.7 ಲಕ್ಷ, ತಮಿಳುನಾಡಿನಲ್ಲಿ 18.5 ಲಕ್ಷ, ಮಹಾರಾಷ್ಟ್ರದಲ್ಲಿ 23.4 ಲಕ್ಷ, ಬಿಹಾರದಲ್ಲಿ 26 ಲಕ್ಷ, ರಾಜಸ್ಥಾನದಲ್ಲಿ 27.4 ಲಕ್ಷ. ಅಖಿಲ ಭಾರತ ಸರಾಸರಿ 22.3 ಲಕ್ಷ. ಕರ್ನಾಟಕ ಈ ಸರಾಸರಿಗೆ ಅತಿ ಸಮೀಪದಲ್ಲಿದೆ. 543 ಸ್ಥಾನಗಳನ್ನು 2011ರ ಜನಸಂಖ್ಯೆಯ ಅನುಪಾತದಲ್ಲಿ ಹಂಚಿದರೂ ಅದರ ಪಾಲಿಗೆ ಬರುವುದು ಸುಮಾರು 27.4. ಆದುದರಿಂದ ನೆರೆಯ ಕೇರಳ, ತಮಿಳುನಾಡುಗಳ ಆತಂಕಕ್ಕಿರುವಷ್ಟು ಆಧಾರ ಆ ಗಣತಿಯ ಮಟ್ಟಿಗೆ ಕರ್ನಾಟಕಕ್ಕಿರಲಿಲ್ಲ. ಬೆಂಗಳೂರು ನಗರ ಜಿಲ್ಲೆಯ ಜನಸಂಖ್ಯೆ 2001ರ 65 ಲಕ್ಷದಿಂದ 2011ರಲ್ಲಿ 96 ಲಕ್ಷಕ್ಕೇರಿದ್ದೂ ಇದಕ್ಕೊಂದು ಕಾರಣ. ಹೊರಗಿನಿಂದ ಬಂದು ನೆಲೆಸಿದವರೂ ನೆಲೆಸಿದ ರಾಜ್ಯದ ಲೆಕ್ಕಕ್ಕೇ ಸೇರುತ್ತಾರೆ.

ಇದೇ ನ್ಯಾಯ ಮುಂಬಯಿ ಕನ್ನಡಿಗನಿಗೂ ಅನ್ವಯಿಸುತ್ತದೆ. ಆದರೆ ಒಂದು ವೈಚಿತ್ರ್ಯದೊಂದಿಗೆ. 1975ರಲ್ಲಿ ಊರು ಬಿಟ್ಟು ಬಂದವನೊಬ್ಬನನ್ನು ಊಹಿಸಿಕೊಳ್ಳೋಣ. 1971ರ ಗಣತಿ ಅವನನ್ನು ಊರಿನಲ್ಲಿ ಎಣಿಸಿತ್ತು. ರಾಜ್ಯಗಳ ಪಾಲು ಆ ಗಣತಿಗೆ ಅಂಟಿಕೊಂಡದ್ದರಿಂದ, ಅವನು ಮುಂಬಯಿಯಲ್ಲಿ ದುಡಿದು ನಿವೃತ್ತನಾದರೂ ಕರ್ನಾಟಕದ 28 ಸ್ಥಾನಗಳ ಲೆಕ್ಕದಲ್ಲಿಯೇ ಉಳಿದನು. ಆದರೆ ರಾಜ್ಯದೊಳಗಿನ ಕ್ಷೇತ್ರಗಳ ಗಡಿಗಳನ್ನು 2001ರ ಗಣತಿಯಂತೆ ಎಳೆದು 2008ರಲ್ಲಿ ಜಾರಿಗೆ ತಂದಾಗ ಅವನು ಮುಂಬಯಿಯವನೆಂದು ಎಣಿಸಲ್ಪಟ್ಟನು. ಆ ಬಾರಿ ಮುಂಬಯಿ ದ್ವೀಪನಗರದ ವಿಧಾನಸಭಾ ಸ್ಥಾನಗಳು 17ರಿಂದ 10ಕ್ಕಿಳಿದು ಉಪನಗರದವು 17ರಿಂದ 26ಕ್ಕೇರಿದವು. ಕೋಟೆ, ಗಿರಗಾಂವ್, ಪರೇಲ್‌ಗಳ ಕೋಣೆಗಳನ್ನು ಬಿಟ್ಟು ಅಂಧೇರಿ, ಮುಲುಂಡ್, ಬೋರಿವಲಿಗಳಿಗೆ ಸಾಗಿದ ಲಕ್ಷಾಂತರ ಸಂಸಾರಗಳ ಚಲನೆಯೇ ಈ ಅಂಕಿಗಳಲ್ಲಿ ಅಡಗಿದೆ. ಕನ್ನಡ ಸಂಸಾರಗಳೂ ಅವುಗಳಲ್ಲಿ ಸೇರಿವೆ.

ಮುಂಬಯಿ ಕನ್ನಡಿಗನ ಪಾಲು

ಈ ಚರಿತ್ರೆಯಿಂದ ಹೊರಡುವ ತಾತ್ಪರ್ಯ ಸರಳವಾದುದು. ಲೋಕಸಭೆಗೆ ಸ್ಪರ್ಧಿಸುವವನು ದೇಶದ ಯಾವುದೇ ಕ್ಷೇತ್ರದ ಮತದಾರನಾಗಿದ್ದರೆ ಸಾಮಾನ್ಯವಾಗಿ ಎಲ್ಲಿಂದಲಾದರೂ ನಿಲ್ಲಬಹುದು. ಅದರಿಂದಲೇ ಮಂಗಳೂರಿನವರು ಮುಜಫ್ಫರಪುರದಿಂದಲೂ ದೆಹಲಿಯ ನಾಯಕರು ಚಿಕ್ಕಮಗಳೂರಿನಿಂದಲೂ ಗೆದ್ದರು. ಆದರೆ ಮತ ನೀಡುವವನಿಗೆ ಆ ಸ್ವಾತಂತ್ರ್ಯವಿಲ್ಲ. 1950ರ ಜನತಾ ಪ್ರಾತಿನಿಧ್ಯ ಕಾಯಿದೆಯಂತೆ ಅವನ ಹೆಸರು ಅವನು ಸಾಮಾನ್ಯವಾಗಿ ವಾಸಿಸುವ ಸ್ಥಳದಲ್ಲಿಯೇ ಇರಬೇಕು. ಊರಿನಲ್ಲಿ ಸ್ವಂತ ಮನೆಯಿದೆಯೆಂಬ ಒಂದೇ ಕಾರಣದಿಂದ ಅಲ್ಲಿನ ನಿವಾಸಿಯೆನಿಸಿಕೊಳ್ಳಲು ಬರುವುದಿಲ್ಲವೆಂದು ಕಾಯಿದೆಯ 20ನೆಯ ಕಲಮು ಸ್ಪಷ್ಟವಾಗಿ ಹೇಳಿದೆ. ಎರಡು ಕ್ಷೇತ್ರಗಳ ಪಟ್ಟಿಗಳಲ್ಲಿ ಹೆಸರಿರುವುದೂ ನಿಷಿದ್ಧ. ಸುಳ್ಳು ಹೇಳಿಕೆ ಕೊಟ್ಟು ನೋಂದಾಯಿಸಿಕೊಳ್ಳುವುದು ಶಿಕ್ಷಾರ್ಹ ಅಪರಾಧ.

ಹೊರನಾಡ ಕನ್ನಡಿಗರ ಸಂಸಾರಗಳಲ್ಲಿ ಕಾಣುವ ಸ್ಥಿತಿ ಬೇರೆಯೇ. ಹಿರಿಯರ ಹೆಸರು ಊರಿನ ಪಟ್ಟಿಯಲ್ಲಿ; ಮತದಾನದ ದಿನ ಅವರು ಮುಂಬಯಿಯಲ್ಲಿ. ಮಕ್ಕಳ ಹೆಸರು ಹಿಂದಿನ ಬಾಡಿಗೆ ಮನೆಯ ವಿಳಾಸದಲ್ಲಿ. ಅವರ ವಾಸ ಡೊಂಬಿವಲಿಯಲ್ಲೋ ಮೀರಾ ರೋಡಿನಲ್ಲೋ. ಹದಿನೆಂಟು ತುಂಬಿದ ಮೊಮ್ಮಕ್ಕಳ ಹೆಸರು ಎಲ್ಲಿಯೂ ಇಲ್ಲ. ಗಣತಿಯಲ್ಲಿ ಮನೆಯ ಎಲ್ಲರ ಎಣಿಕೆಯೂ ಆಗಿ, ಮತಪೆಟ್ಟಿಗೆಯಲ್ಲಿ ಒಬ್ಬರ ಮತವೂ ಬೀಳದೆ ಹೋದರೆ ಆ ಸಂಸಾರಕ್ಕೆ ಪ್ರತಿನಿಧಿಯಿದ್ದೂ ಇಲ್ಲದಂತೆ. ನೀರು, ಲೋಕಲ್ ಗಾಡಿ, ಆಸ್ಪತ್ರೆ, ಕನ್ನಡ ಶಾಲೆಯ ಅಳಿವು ಉಳಿವುಗಳ ಪ್ರಶ್ನೆ ಎದ್ದಾಗ ಅಂಥವರ ಮನವಿಗೆ ತೂಕ ಕಡಿಮೆಯಾದರೆ ಆಶ್ಚರ್ಯವೇನು?

ಪರಿಹಾರ ಕಷ್ಟಸಾಧ್ಯವಲ್ಲ. ಮೊದಲ ಬಾರಿ ಹೆಸರು ಸೇರಿಸಲು 6ನೆಯ ನಮೂನೆ. ವಾಸಸ್ಥಳ ಬದಲಾದಾಗ, ಅದು ಬೇರೆ ಕ್ಷೇತ್ರವಾಗಿದ್ದರೂ, 8ನೆಯ ನಮೂನೆ. 2022ರಲ್ಲಿ ಜಾರಿಗೆ ಬಂದ ಬದಲಾವಣೆಯಂತೆ ವರ್ಷದಲ್ಲಿ ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್ ತಿಂಗಳುಗಳ ಮೊದಲ ದಿನಕ್ಕೆ 18 ತುಂಬಿದವರು ಹೆಸರು ಸೇರಿಸಲು ಅರ್ಹರು. ಕನ್ನಡ ಸಂಘಗಳು ನಾಟಕ, ಸತ್ಕಾರ, ವೈದ್ಯಕೀಯ ತಪಾಸಣೆಯ ಶಿಬಿರಗಳನ್ನು ನಡೆಸುವ ಆಸ್ಥೆಯಿಂದಲೇ ವರ್ಷಕ್ಕೊಂದು ದಿನ ಮತದಾರರ ಪಟ್ಟಿಯ ಪರಿಶೀಲನೆಯನ್ನೂ ಇಟ್ಟುಕೊಂಡರೆ ಸದಸ್ಯರಿಗೆ ಪರಮೋಪಕಾರವಾದೀತು. ಅದರಲ್ಲಿ ಯಾವ ಪಕ್ಷದ ಪ್ರಚಾರವೂ ಬೇಕಿಲ್ಲ. ಹೆಸರು, ವಿಳಾಸ, ವಯಸ್ಸು ಇಷ್ಟು ಸರಿಯಿದ್ದರೆ ಸಾಕು.

ಐದು ರಾಜ್ಯಗಳಲ್ಲಿ ಚದುರಿದ್ದ ಕನ್ನಡಿಗರು 1956ರಲ್ಲಿ ಒಂದು ರಾಜ್ಯದವರಾಗಿ ಒಟ್ಟಾದರು. ಉದರ ನಿಮಿತ್ತ ಹೊರಗೆ ಬಂದವರಿಗೆ ಆ ಬಗೆಯ ಒಟ್ಟಾಗುವಿಕೆ ಸಾಧ್ಯವಿಲ್ಲ. ಅವರ ಪ್ರಾತಿನಿಧ್ಯ ಅವರು ನೆಲೆಸಿದ ನೆಲದಲ್ಲಿಯೇ ಇದೆ. ಊರಿನ ಮೇಲಿನ ಮಮತೆಯನ್ನು ಹಬ್ಬ, ಜಾತ್ರೆ, ದೈವಕಾರ್ಯಗಳಲ್ಲಿ ಕಾಪಾಡಿಕೊಂಡು ಬರೋಣ. ಮತವನ್ನು ಮಾತ್ರ ಮುಂಬಯಿಯ ಆರು ಕ್ಷೇತ್ರಗಳಲ್ಲಿ, ಅಥವಾ ಅವುಗಳ ನೆರೆಯ ಠಾಣೆ, ಕಲ್ಯಾಣ ಕ್ಷೇತ್ರಗಳಲ್ಲಿ, ವಾಸವಿದ್ದಲ್ಲಿಯೇ ಚಲಾಯಿಸೋಣ. ಮುಂದಿನ ಚುನಾವಣೆ ಘೋಷಣೆಯಾಗುವವರೆಗೆ ಕಾಯದೆ, ಪ್ರತಿಯೊಂದು ಮನೆಯವರೂ ಈ ವರ್ಷವೇ ತಮ್ಮ ಹೆಸರು ಯಾವ ಪಟ್ಟಿಯಲ್ಲಿದೆಯೆಂದು ನೋಡಿಕೊಳ್ಳುವುದು ಲೇಸು.